ಚಹಾ ಕುಡಿಯುತ್ತಾ ಹಾಕಿದ ಸಹಿ

ಕೆಲಸದ ಜಾಗದಲ್ಲಿ ಇವರನ್ನು ಎಲ್ಲರೂ ಕರೆಯುವುದು ಗೀರಪ್ಪ ಎಂದು. ಇವರು ಎಂದರೆ ನನ್ನ ಗಂಡ. ಕಾರು ಬಾಡಿಗೆಗೆ ಕೊಡುವ ಕಂಪನಿಯ ಯಾರ್ಡಿನಲ್ಲಿ ಹದಿನೆಂಟು ವರ್ಷದಿಂದ ಇವರದು ಒಂದೇ ಕೆಲಸ. ಹೊರಗೆ ಹೋಗುವ ಕಾರಿನ ಮೈಮೇಲೆ ಎಲ್ಲೆಲ್ಲಿ ಗೀರು, ತಗ್ಗು ಇವೆ ಎಂದು ಬರೆದಿಡುವುದು, ಅದೇ ಕಾರು ವಾಪಸು ಬಂದಾಗ ಹೊಸದಾಗಿ ಏನು ಸೇರಿಕೊಂಡಿದೆ ಎಂದು ನೋಡುವುದು. ಕಾರಿನ ನಾಲ್ಕು ಮಗ್ಗುಲಿನ ಚಿತ್ರ ಅಚ್ಚು ಹಾಕಿದ ಒಂದು ಹಾಳೆ ಇರುತ್ತದೆ. ಗೀರಿಗೆ ಗೆರೆ, ತಗ್ಗಿಗೆ ಸೊನ್ನೆ, ಗಾಜು ಬಿರುಕು ಬಿಟ್ಟಿದ್ದರೆ ಕತ್ತರಿ ಗುರುತು. ಕೆಳಗೆ ಎರಡು ಸಹಿ, ಒಂದು ಬಾಡಿಗೆಯವರದ್ದು, ಇನ್ನೊಂದು ಇವರದ್ದು. ಆಮೇಲೆ ಯಾರು ಎಷ್ಟೇ ಕೂಗಾಡಲಿ, ಆ ಹಾಳೆ ಹೇಳಿದ್ದೇ ಕೊನೆಯ ಮಾತು.

ಇವರ ಶರ್ಟಿನ ಜೇಬಿನಲ್ಲಿ ಎರಡು ವಸ್ತು ಯಾವಾಗಲೂ ಇರುತ್ತಿದ್ದವು. ಒಂದು ಪುಟ್ಟ ಟಾರ್ಚು. ಇನ್ನೊಂದು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದ ಟೊಮೆಟೊ ಆಕಾರದ ಅಯಸ್ಕಾಂತ. ನನ್ನ ಹೊಲಿಗೆ ಡಬ್ಬಿಯಿಂದ ಒಂದು ಬಟ್ಟೆ ಚೂರು ಕದ್ದು, ಅದರಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಕಾರಿನ ತಗ್ಗಿಗೆ ಪುಟ್ಟಿ ತುಂಬಿ ಬಣ್ಣ ಬಳಿದು ತಂದರೆ ಕಣ್ಣಿಗೆ ಗೊತ್ತಾಗುವುದಿಲ್ಲವಂತೆ. ಆದರೆ ಅಯಸ್ಕಾಂತ ತಗಡಿಗೆ ಮಾತ್ರ ಕಚ್ಚುತ್ತದೆ, ಪುಟ್ಟಿಯ ಮೇಲೆ ಇಟ್ಟರೆ ಜಾರುತ್ತದೆ. ‘ಗೀರಪ್ಪನವರು ಪ್ರದಕ್ಷಿಣೆ ಹಾಕದ ಕಾರಿಗೆ ಗೇಟು ತೆಗೆಯಲ್ಲ’ ಎಂದು ಮ್ಯಾನೇಜರ್ ತಮಾಷೆ ಮಾಡುತ್ತಿದ್ದರಂತೆ. ಇವರು ಅದನ್ನು ಬಿರುದು ಎಂದುಕೊಂಡು ಮನೆಗೆ ಬಂದು ನನಗೆ ಹೇಳಿದ್ದರು.

ಯಾರ್ಡಿನಲ್ಲಿ ಯಾರ ಮಾತನ್ನೂ ನಂಬದ ಈ ಮನುಷ್ಯ ಮನೆಯಲ್ಲಿ ಮಾತ್ರ ಯಾವುದನ್ನೂ ಪರೀಕ್ಷೆ ಮಾಡುತ್ತಿರಲಿಲ್ಲ. ಅಡುಗೆಗೆ ಉಪ್ಪು ಹಾಕಿದ್ದೇನೆ ಎಂದರೆ ಹಾಕಿದ್ದೇನೆ. ಕರೆಂಟು ಬಿಲ್ಲು ಕಟ್ಟಿದ್ದೇನೆ ಎಂದರೆ ಕಟ್ಟಿದ್ದೇನೆ. ಮನೆಯಿಂದ ಹೊರಡುವಾಗ ‘ಬೀಗ ಹಾಕಿದ್ಯಾ?’ ಎಂದು ಮೆಟ್ಟಿಲಿಳಿಯುತ್ತಲೇ ಕೇಳುತ್ತಿದ್ದರು, ನಾನು ಹೂಂ ಎನ್ನುವಷ್ಟರಲ್ಲಿ ರಸ್ತೆಗೆ ಇಳಿದಿರುತ್ತಿದ್ದರು. ನಾನು ಮನೆಯಲ್ಲೇ ಕೂತು ಬೇರೆಯವರ ಬಟ್ಟೆಗಳನ್ನು ಬಿಗಿ ಮಾಡಿ, ಸಡಿಲ ಮಾಡಿ ಕೊಡುವವಳು. ಯಾರು ಎಷ್ಟು ಕೊಟ್ಟರು, ಯಾರು ಬಾಕಿ ಉಳಿಸಿಕೊಂಡರು ಎಂದು ಇವರು ಒಂದು ದಿನವೂ ಕೇಳಿದವರಲ್ಲ. ‘ಇಡೀ ದಿನ ಅನುಮಾನಪಟ್ಟು ಬಂದಿರ್ತೀನಿ ಕಣೇ, ಮನೇಲಾದ್ರೂ ಕಣ್ಣು ಮುಚ್ಕೊಂಡಿರ್ತೀನಿ’ ಎನ್ನುತ್ತಿದ್ದರು. ನನಗೆ ಆ ಮಾತು ಕೇಳಲು ಹಿತವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೀಗೆ ಸುತ್ತಿ ಸುತ್ತಿ ನೋಡುವ ಅಭ್ಯಾಸ ಇವರಿಗೆ ಬಂದದ್ದು ಅಕ್ಕನಿಂದ. ತಾಯಿ ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದರಿಂದ ಇವರನ್ನು ಶಾಲೆಗೆ ಹೊರಡಿಸುತ್ತಿದ್ದವಳು ಅಕ್ಕ, ನನಗೆ ಅತ್ತಿಗೆ. ಇವರನ್ನು ಬಾಗಿಲ ಬಳಿ ನಿಲ್ಲಿಸಿ ಸುತ್ತ ಒಂದು ಸುತ್ತು ಬರುತ್ತಿದ್ದಳಂತೆ. ಉಗುರು, ಕಿವಿಯ ಹಿಂಭಾಗ, ಕಾಲರು, ಚೀಲದ ಗುಂಡಿ. ಎಲ್ಲ ಸರಿ ಇದ್ದರೆ ಬೆನ್ನಿಗೆ ಒಂದು ತಟ್ಟು, ‘ಹೋಗು ಪುಟ್ಟಾ’. ಐವತ್ತು ದಾಟಿದ ಮೇಲೂ ಇವರು ಅವಳ ಬಾಯಲ್ಲಿ ಪುಟ್ಟನೇ. ಒಂದು ಕಾರು ನೋಡಿ ಮುಗಿಸಿದಾಗ ಅದರ ಬೆನ್ನಿಗೂ ಇವರು ಹಾಗೇ ಒಂದು ತಟ್ಟು ತಟ್ಟುವುದನ್ನು ನಾನೇ ನೋಡಿದ್ದೇನೆ.

ಅತ್ತಿಗೆ ಮದುವೆಯಾಗಿ ಹೊರದೇಶಕ್ಕೆ ಹೋಗಿ ಎಷ್ಟೋ ವರ್ಷವಾಗಿತ್ತು. ಹೋದ ವರ್ಷ ಇಲ್ಲಿಗೆ ನಾಲ್ಕು ತಿಂಗಳ ಮಟ್ಟಿಗೆ ಬರುತ್ತೇನೆ ಎಂದಳು. ಕಾರಣ ನಾವಲ್ಲ, ಹಲ್ಲು. ದವಡೆಗೆ ಸ್ಕ್ರೂ ಹಾಕಿ ಹೊಸ ಹಲ್ಲು ಕೂರಿಸುವ ಕೆಲಸ ಅಲ್ಲಿಗಿಂತ ಇಲ್ಲಿ ಅರ್ಧಕ್ಕರ್ಧ ಅಗ್ಗವಂತೆ. ಆದರೆ ಸ್ಕ್ರೂ ಹಾಕಿದ ಮೇಲೆ ಮೂಳೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. ಅವಳ ಗಂಡ, ನಮ್ಮ ಭಾವನೂ ಜೊತೆಗೆ ಬರುವವರಿದ್ದರು. ಅವರು ಲಿಫ್ಟ್ ರಿಪೇರಿ ಕಂಪನಿಯಿಂದ ನಿವೃತ್ತರಾದವರು, ಪೈಸೆ ಪೈಸೆಗೂ ಲೆಕ್ಕ ಇಡುವ ಆಸಾಮಿ. ‘ಊರು ಸುತ್ತೋಕೆ ಕಾರು ಬೇಕು. ನಿನ್ನ ತಮ್ಮ ಇದ್ದಾನಲ್ಲ, ಕೇಳು’ ಎಂದು ಅವರು ಹೇಳಿರಬೇಕು, ಅತ್ತಿಗೆಯ ಫೋನು ಬಂತು.

ಇವರಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತನ್ನ ವಿದ್ಯೆ ಅಕ್ಕನಿಗೆ ಉಪಯೋಗಕ್ಕೆ ಬರುತ್ತದಲ್ಲ ಎಂಬ ಸಂಭ್ರಮ. ಊಟದ ಮೇಜಿನ ಮೇಲೆ ನನ್ನ ಕತ್ತರಿ, ದಾರ ಎಲ್ಲ ಬದಿಗೆ ತಳ್ಳಿ, ಮೂರು ಪುಟ ಬರೆದರು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಾರು ತೆಗೆದುಕೊಳ್ಳಬೇಡ, ಅಲ್ಲಿ ಜಾಗದ ಬಾಡಿಗೆಯನ್ನೂ ನಿನ್ನ ತಲೆಗೇ ಕಟ್ಟುತ್ತಾರೆ. ಬಸ್ಸು ಹಿಡಿದು ಊರೊಳಗಿನ ನಮ್ಮ ಯಾರ್ಡಿಗೆ ಬಾ. ವಾರದ ಲೆಕ್ಕದಲ್ಲಿ ಬೇಡ, ತಿಂಗಳ ಲೆಕ್ಕದಲ್ಲಿ ಕೇಳು, ನಾಲ್ಕು ತಿಂಗಳೂ ಒಂದೇ ಕಾರು ಇಟ್ಟುಕೊಳ್ಳುತ್ತೇನೆ ಎಂದರೆ ಇನ್ನೂ ಇಳಿಸುತ್ತಾರೆ. ಇಷ್ಟು ವರ್ಷ ಒಂದೂ ಅಪಘಾತ ಮಾಡಿಲ್ಲ ಎಂದು ನಿಮ್ಮ ವಿಮೆಯವರಿಂದ ಪತ್ರ ತಾ. ಕಾರಿಗೆ ಪೆಟ್ಟು ಬಿದ್ದರೆ ಬಾಡಿಗೆಯವರು ಕೈಯಿಂದ ಕೊಡಬೇಕಾದ ಪಾಲು ಒಂದಿರುತ್ತದೆ, ಅದಕ್ಕೆ ಕೌಂಟರಿನಲ್ಲಿ ದಿನಕ್ಕಿಷ್ಟು ಎಂದು ವಿಮೆ ಮಾರುತ್ತಾರೆ, ಅದನ್ನು ಕೊಳ್ಳಬೇಡ. ಹೊರಡುವ ಮೊದಲು ನಿಮ್ಮ ಊರಲ್ಲೇ ಒಂದು ವರ್ಷದ ಪಾಲಿಸಿ ಮಾಡಿಸಿಕೋ, ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತದೆ.

ಕೊನೆಯಲ್ಲಿ ಒಂದು ಸಾಲು, ಅದರ ಕೆಳಗೆ ಎರಡು ಗೆರೆ: ‘ಒಂದು ಕಡೆ ಮಾತ್ರ ಉಳಿಸಬೇಡ ಅಕ್ಕ. ಕಾರು ಓಡಿಸುವವರು ಇಬ್ಬರಾದರೆ ಎರಡೂ ಹೆಸರು ಬರೆಸು. ಎರಡನೇ ಹೆಸರಿಗೆ ದಿನಕ್ಕೆ ಎರಡು ಕಪ್ ಚಹಾದ ದುಡ್ಡು ಹೆಚ್ಚು. ಹೆಸರಿಲ್ಲದವರ ಕೈಯಲ್ಲಿ ಕಾರಿಗೆ ಪೆಟ್ಟು ಬಿದ್ದರೆ ಯಾವ ವಿಮೆಯೂ ಬಿಡಿಗಾಸು ಕೊಡುವುದಿಲ್ಲ.’

‘ಓಡಿಸೋಳು ನಾನೊಬ್ಬಳೇ’ ಎಂದಳು ಅತ್ತಿಗೆ. ‘ನಿನ್ನ ಭಾವನಿಗೆ ಕಣ್ಣು ಆಪರೇಷನ್ ಆಗಿದೆ, ಸ್ಟೀರಿಂಗ್ ಮುಟ್ಟಲ್ಲ.’ ಇವರು ಫಾರಮ್ಮಿನಲ್ಲಿ ಒಂದೇ ಹೆಸರು ಬರೆಸಿದರು.

ಬಂದವರು ನಮ್ಮ ಬೀದಿಯ ಕೊನೆಯಲ್ಲೇ ಒಂದು ಕೋಣೆ ಹಿಡಿದರು. ಬೂದು ಬಣ್ಣದ ಸಣ್ಣ ಕಾರು. ಕೊಡುವ ದಿನ ಇವರು ಅಕ್ಕನನ್ನು ಜೊತೆಗೆ ಕರೆದುಕೊಂಡು ಸುತ್ತಿದರು. ಮುಂದಿನ ಬಂಪರಿನಲ್ಲಿ ಎರಡು ಗೆರೆ, ಹಿಂದೆ ಒಂದು ಸೊನ್ನೆ. ‘ನಾನು ಕಲಿಸಿದ್ದನ್ನ ನನಗೇ ತೋರಿಸ್ತಾನೆ ನೋಡು’ ಎಂದು ಅತ್ತಿಗೆ ನಕ್ಕಳು. ಇವರ ಮುಖ ನೋಡಬೇಕಿತ್ತು ಆಗ.

ಸ್ಕ್ರೂ ಹಾಕಿದ ದಿನ ದಂತವೈದ್ಯರಲ್ಲಿಗೆ ನಾನೂ ಜೊತೆಗೆ ಹೋಗಿದ್ದೆ. ಹೋಗುವಾಗ ಅತ್ತಿಗೆಯೇ ಓಡಿಸಿದಳು. ಎರಡು ಗಂಟೆ ಕಳೆದು ಹೊರಗೆ ಬಂದಾಗ ಅವಳ ಮುಖದ ಒಂದು ಪಕ್ಕ ಊದಿತ್ತು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಭಾವ ಕೀ ಇಸಿದುಕೊಂಡರು. ಡ್ರೈವರ್ ಸೀಟನ್ನು ಸರ್‍ರೆಂದು ಹಿಂದಕ್ಕೆ ತಳ್ಳಿ ಕೂತರು. ಅತ್ತಿಗೆ ಕುಳ್ಳಿ, ಭಾವ ಉದ್ದ. ನಾನು ಹಿಂದಿನ ಸೀಟಿನಲ್ಲಿದ್ದೆ, ನನ್ನ ಮಂಡಿಗೆ ಸೀಟು ತಾಗಿತು.

‘ಭಾವ, ನಿಮ್ಮ ಹೆಸರು ಬರೆಸಿಲ್ವಲ್ಲ’ ಎಂದೆ.

‘ಹತ್ತು ನಿಮಿಷದ ದಾರಿ ಕಣಮ್ಮ. ಅವಳು ಹೇಗೆ ಓಡಿಸ್ತಾಳೆ ಈ ಸ್ಥಿತೀಲಿ?’

ಅದು ಸರಿಯೇ. ಟ್ಯಾಕ್ಸಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮನೆ ಮುಂದೆ ಇಳಿಯುವಾಗ ಅತ್ತಿಗೆ ನನ್ನ ಕೈ ಹಿಡಿದುಕೊಂಡು, ಊದಿದ ಬಾಯಲ್ಲೇ, ‘ಪುಟ್ಟನಿಗೆ ಹೇಳ್ಬೇಡ್ವೇ. ಸುಮ್ನೆ ತಲೆ ಕೆಡಿಸ್ಕೋತಾನೆ’ ಎಂದಳು. ನಾನು ಹೇಳಲಿಲ್ಲ. ಹೊರದೇಶದಿಂದ ಬಂದ ಗಂಡನ ಅಕ್ಕನ ಮೇಲೆ ಚಾಡಿ ಹೇಳಿದಳು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಹತ್ತು ನಿಮಿಷ ಎಂದದ್ದು ನಾಲ್ಕು ತಿಂಗಳಾಯಿತು. ರಸ್ತೆ ಬದಿಯಲ್ಲಿ ತರಕಾರಿ ಚೀಲ ಹಿಡಿದು ಬರುವಾಗ ಆ ಬೂದು ಕಾರು ನನ್ನ ಪಕ್ಕದಲ್ಲೇ ಹೋಗುವುದನ್ನು ಎಷ್ಟು ಸಲ ನೋಡಿದೆನೋ. ಪ್ರತಿ ಸಲವೂ ಸ್ಟೀರಿಂಗ್ ಹಿಂದೆ ಭಾವನ ಬೋಳುತಲೆ. ತಿಂಗಳಿಗೊಮ್ಮೆ ಯಾರ್ಡಿನಲ್ಲಿ ಕಾರು ತೋರಿಸಬೇಕಾದಾಗ ಮಾತ್ರ ಅತ್ತಿಗೆ ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಮೂರು ಸಲವೂ ಇವರು ಟಾರ್ಚು ಹಿಡಿದು ಸುತ್ತಿದರು, ಮೂರು ಸಲವೂ ಹೊಸದೇನೂ ಇರಲಿಲ್ಲ.

ಕೊನೆಯ ದಿನ ಬಂತು. ಮಧ್ಯಾಹ್ನ ವಿಮಾನ, ಬೆಳಿಗ್ಗೆ ಕಾರು ಒಪ್ಪಿಸಬೇಕು. ಬೀಳ್ಕೊಡಲೆಂದು ನಾನೂ ಯಾರ್ಡಿಗೆ ಹೋಗಿದ್ದೆ. ಗೇಟಿನೊಳಗೆ ಕಾರು ಬಂದಾಗ ಅತ್ತಿಗೆಯ ಗಲ್ಲ ಸ್ಟೀರಿಂಗಿನ ಮಟ್ಟಕ್ಕಿತ್ತು, ಸೀಟಿನ ತುದಿಯಲ್ಲಿ ಕೂತು ಕಾಲನ್ನು ಚಾಚಿ ಪೆಡಲ್ ಮುಟ್ಟುತ್ತಿದ್ದಳು. ಮೂಲೆಯವರೆಗೆ ಭಾವ ಓಡಿಸಿ, ಇಳಿದು ಟ್ಯಾಕ್ಸಿ ಹತ್ತಿ ಸಾಮಾನಿನ ಜೊತೆ ನಿಲ್ದಾಣಕ್ಕೆ ಹೋಗಿರಬೇಕು. ಅವಸರದಲ್ಲಿ ಸೀಟು ಮುಂದಕ್ಕೆ ಎಳೆಯಲು ಮರೆತಿದ್ದಾಳೆ ಎಂದು ನನಗೆ ಒಳಗೊಳಗೇ ನಗು ಬಂತು. ನಗು ಬಂತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಕಾರನ್ನು ಅವಳು ಗೋಡೆಗೆ ಒತ್ತಿ ನಿಲ್ಲಿಸಿದಳು, ಎಡಪಕ್ಕ ಗೋಡೆಯ ಕಡೆಗೆ. ಇವರು ಹಾಳೆ, ಟಾರ್ಚು ಹಿಡಿದು ಬಂದರು. ಅತ್ತಿಗೆ ಇವರ ತೋಳಿಗೆ ತೋಳು ಸೇರಿಸಿದಳು.

‘ಏನೋ ಪುಟ್ಟಾ, ಕೊನೇ ದಿನಾನೂ ನನ್ನ ಕಾರಿನ ಸುತ್ತ ಟಾರ್ಚ್ ಹಿಡ್ಕೊಂಡು ತಿರುಗ್ತೀಯಾ? ನಾನೇನು ಕಳ್ಳಿಯಾ? ಬಾ, ಒಂದು ಕಪ್ ಚಹಾ ಕುಡಿಯೋಣ. ಮತ್ತೆ ಯಾವಾಗ ನೋಡ್ತೀನೋ ನಿನ್ನ.’

ಆಫೀಸಿನ ಹೊರಗಿನ ಬೆಂಚಿನ ಮೇಲೆ ಮೂವರೂ ಕೂತೆವು. ಮೆಷಿನ್ನಿನ ಚಹಾ, ಕಾಗದದ ಲೋಟ. ಅತ್ತಿಗೆ ಹೊಸ ಹಲ್ಲು ತೋರಿಸುತ್ತಾ ಹಳೆಯದೆಲ್ಲ ತೆಗೆದಳು. ಇವರು ಚಪ್ಪಲಿ ಅದಲುಬದಲು ಹಾಕಿಕೊಂಡು ಶಾಲೆಗೆ ಹೋದದ್ದು, ಅವಳು ಓಡಿ ಬಂದು ಬೀದಿಯಲ್ಲೇ ಸರಿ ಮಾಡಿದ್ದು. ಇವರ ಕಣ್ಣು ಒದ್ದೆಯಾಯಿತು. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ‘ಹೊಸ ಗುರುತು ಇಲ್ಲ’ ಎಂದು ಬರೆದು ಸಹಿ ಹಾಕಿದರು. ಹದಿನೆಂಟು ವರ್ಷದಲ್ಲಿ ಸುತ್ತು ಬಾರದೆ ಹಾಕಿದ ಒಂದೇ ಒಂದು ಸಹಿ. ಅಯಸ್ಕಾಂತ ಜೇಬಿನಲ್ಲೇ ಉಳಿಯಿತು.

ಆ ಕಾರು ಮರುದಿನವೇ ಒಬ್ಬ ನರ್ಸಿಗೆ ಹೋಯಿತು. ಆರು ವಾರದ ಕೆಲಸಕ್ಕೆಂದು ಬೇರೆ ದೇಶದಿಂದ ಇಲ್ಲಿನ ಆಸ್ಪತ್ರೆಗೆ ಬಂದಿದ್ದವಳು. ಹೊರಗೆ ಕೊಟ್ಟವರು ಇವರಲ್ಲ, ಇವರಿಗೆ ಅಂದು ರಜೆ. ಬದಲಿಗೆ ಬಂದವರು ಹಿಂದಿನ ಹಾಳೆ ನೋಡಿ, ಗೀರಪ್ಪನ ಸಹಿ ಇದೆಯಲ್ಲ, ಇನ್ನೇನು ಎಂದುಕೊಂಡು ಅದನ್ನೇ ನಕಲು ಮಾಡಿ ಕೊಟ್ಟಿದ್ದರು.

ಆರು ವಾರ ಕಳೆದು ಕಾರು ವಾಪಸು ಬಂದಾಗ ಇವರು ಎಂದಿನಂತೆ ಸುತ್ತಿದರು. ಎಡಗಡೆಯ ಹಿಂಬಾಗಿಲಿನ ಕೆಳಗೆ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು, ಬೂದು ಬಣ್ಣದಲ್ಲಿ ಎರಡು ಬಗೆಯ ಬೂದು ಕಂಡವು. ಬೆರಳ ಗೆಣ್ಣಿನಿಂದ ತಟ್ಟಿದರು, ತಗಡಿನದಲ್ಲದ ಮಂದ ಸದ್ದು. ಟೊಮೆಟೊ ಇಟ್ಟರು, ಅದು ಜಾರಿ ನೆಲಕ್ಕೆ ಬಿತ್ತು.

‘ನಾನು ಮಾಡಿದ್ದಲ್ಲ. ಯಾವತ್ತೂ ಎಲ್ಲಿಗೂ ತಾಗಿಸಿಲ್ಲ’ ಎಂದಳು ನರ್ಸು. ಅವಳು ಅಳುವುದೊಂದು ಬಾಕಿ. ಹೆಚ್ಚಿನ ವಿಮೆ ಅವಳು ಮಾಡಿಸಿರಲಿಲ್ಲ, ಕಟ್ಟಿದ್ದ ಡೆಪಾಸಿಟ್ಟು ಪೂರ್ತಿ ಹೋಗುವುದರಲ್ಲಿತ್ತು. ಹಾಳೆಯ ಪ್ರಕಾರ ತಪ್ಪು ಅವಳದೇ, ಯಾಕೆಂದರೆ ಅವಳಿಗಿಂತ ಮೊದಲು ಕಾರು ಚೊಕ್ಕವಾಗಿತ್ತು. ಹಾಗೆಂದು ಸಹಿ ಮಾಡಿದವರು ಇವರು.

‘ನಾಳೆವರೆಗೆ ಟೈಮ್ ಕೊಡಿ’ ಎಂದು ಅವಳಿಗೆ ಹೇಳಿ, ಇವರು ಮಟಮಟ ಮಧ್ಯಾಹ್ನ ಮನೆಗೆ ಬಂದರು. ನಾನು ಯಾರದೋ ಕೋಟಿನ ಒಳಪದರ ಬಿಚ್ಚುತ್ತಿದ್ದೆ. ಇವರು ಶೂ ಕೂಡ ಬಿಚ್ಚದೆ ಅಕ್ಕನಿಗೆ ಫೋನು ಮಾಡಿ, ಫೋನನ್ನು ಮೇಜಿನ ಮೇಲಿಟ್ಟರು. ಇಬ್ಬರ ಮಾತೂ ನನಗೆ ಕೇಳಿಸುತ್ತಿತ್ತು.

‘ಅಕ್ಕಾ, ಎಡಗಡೆ ಹಿಂದಿನ ಬಾಗಿಲಿಗೆ ಏನಾಗಿತ್ತು?’

‘ಯಾವ ಬಾಗಿಲು?’

‘ಪುಟ್ಟಿ ತುಂಬಿಸಿದ್ದೀರಲ್ಲ, ಅದು.’

‘ಓ, ಅದಾ? ಇವರು ಪಾರ್ಕಿಂಗ್‌ನಲ್ಲಿ ಕಂಬಕ್ಕೆ ಉಜ್ಜಿಸಿದ್ರು. ಕೊನೇ ವಾರ. ಏನೂ ದೊಡ್ಡದಲ್ಲ ಬಿಡು, ಒಬ್ಬ ಪೇಂಟರ್ ಹತ್ರ ಸರಿ ಮಾಡಿಸಿದ್ವಿ’ ಎಂದಳು.

‘ಭಾವ ಓಡಿಸಿದ್ರಾ?’

‘ಹೂಂ. ಏನೀಗ?’

‘ಎರಡನೇ ಹೆಸರು ಬರೆಸಿದ್ರೆ ವಿಮೆಯವರೇ ಕೊಡ್ತಿದ್ರಲ್ಲ ಅಕ್ಕ. ಹೋಗ್ಲಿ, ಆವತ್ತೇ ನನಗೆ ಹೇಳಿದ್ರೂ ಏನೋ ಒಂದು ದಾರಿ ನೋಡ್ತಿದ್ದೆ. ಈಗ ಬೇರೆ ಯಾರೋ ಹುಡುಗಿ ತಲೆಗೆ ಬಂದಿದೆ. ನೀನು ಒಂದು ಕಾಗದ ಬರೆದು ಕಳಿಸು, ನಮ್ಮಿಂದ ಆಯ್ತು ಅಂತ. ದುಡ್ಡು ನಾನು ಕಟ್ಟಿಕೊಳ್ತೀನಿ.’

‘ಕಾಗದ ಯಾಕೆ ಬರೀಬೇಕು? ಅವಳೇನು ನಮ್ಮ ನೆಂಟಳಾ? ನಾವು ಕಾರು ಒಪ್ಪಿಸಿದಾಗ ಚೆನ್ನಾಗಿತ್ತು ಅಂತ ಸಹಿ ಇದೆಯಲ್ಲ. ಸಹಿ ನಿಂದೇ ತಾನೇ ಪುಟ್ಟಾ?’

ಪುಟ್ಟಾ ಎಂದಳು. ಅದೇ ದನಿಯಲ್ಲಿ. ನನ್ನ ಕೈಯಲ್ಲಿದ್ದ ಕತ್ತರಿಯನ್ನು ಫೋನಿನ ಮೇಲೆ ಎಸೆಯುವಷ್ಟು ಸಿಟ್ಟು ಬಂತು ನನಗೆ. ಇವರಿಗೆ ಸಿಟ್ಟು ಬರಲಿಲ್ಲ. ತುಂಬಾ ಮೆತ್ತಗೆ ಒಂದು ಪ್ರಶ್ನೆ ಕೇಳಿದರು.

‘ಚಹಾ ಕುಡಿಯೋಣ ಅಂದಿದ್ದು ಅದಕ್ಕೇನಾ ಅಕ್ಕ?’

ಅವಳು ಫೋನನ್ನು ಗಂಡನ ಕೈಗೆ ಕೊಟ್ಟಳು. ‘ಏನಪ್ಪಾ, ನಾಲ್ಕು ತಿಂಗಳು ಇಷ್ಟು ಉಳಿಸಿಕೊಟ್ಟು ಕೊನೇಲಿ ಯಾಕೆ ಕೆಡಿಸ್ತೀಯಾ’ ಎಂದು ಭಾವ ಶುರು ಮಾಡಿದರು. ಇವರು ಫೋನು ಇಟ್ಟರು.

ಮರುದಿನ ಇವರು ಮ್ಯಾನೇಜರ್ ಮುಂದೆ ಹಾಳೆ ಇಟ್ಟು, ನೋಡದೆ ಸಹಿ ಹಾಕಿದ್ದೆ ಎಂದು ಬರೆದುಕೊಟ್ಟರು. ‘ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ವಲ್ಲ ಗೀರಪ್ಪ’ ಎಂದರಂತೆ ಮ್ಯಾನೇಜರ್. ‘ಹಾಳೆ ಸುಳ್ಳು ಹೇಳ್ತಿದೆ ಸರ್, ನನ್ನ ಅಕ್ಷರದಲ್ಲಿ’ ಎಂದರಂತೆ ಇವರು. ನರ್ಸಿಗೆ ಡೆಪಾಸಿಟ್ಟು ವಾಪಸು ಸಿಕ್ಕಿತು, ಥ್ಯಾಂಕ್ಸ್ ಹೇಳಿ ಹೋದಳು. ಬಾಗಿಲು ರಿಪೇರಿ ಇವರ ಸಂಬಳದಿಂದ ಕಡಿತ. ಅದು ಹೋಗಲಿ. ಸಹಿ ಹಾಕುವ ಕೆಲಸವನ್ನೇ ಇವರಿಂದ ತೆಗೆದರು. ಈಗ ಯಾರ್ಡಿನ ಹಿಂಭಾಗದಲ್ಲಿ ಕಾರು ತೊಳೆಸುವ ಉಸ್ತುವಾರಿ. ಟಾರ್ಚು ಆಫೀಸಿಗೆ ಒಪ್ಪಿಸಿದರು. ಟೊಮೆಟೊ ನಮ್ಮ ಫ್ರಿಜ್ಜಿಗೆ ಮರಳಿ ಬಂದಿದೆ, ಸುತ್ತಿದ್ದ ಬಟ್ಟೆ ಬಿಚ್ಚಿದ ಮೇಲೆ ಒಂದು ಕಡೆ ಬಣ್ಣ ಹೋಗಿರುವುದು ಕಾಣುತ್ತದೆ.

ಆ ವಾರವಿಡೀ ನಾನು ಅತ್ತಿಗೆಯನ್ನು ಬಾಯಿಗೆ ಬಂದಂತೆ ಬೈದೆ. ಒಡಹುಟ್ಟಿದವನ ಕಣ್ಣಿಗೆ ಮಣ್ಣೆರಚಿದಳು, ಕಣ್ಣೀರು ಹಾಕಿಸಿ ಸಹಿ ಹಾಕಿಸಿಕೊಂಡಳು, ಅವಳ ಹೊಸ ಹಲ್ಲು ಉದುರಿಹೋಗಲಿ ಎಂದೆ. ಇವರು ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು. ಒಂದು ದಿನ ತಲೆ ಎತ್ತದೆಯೇ ಹೇಳಿದರು:

‘ಆವತ್ತು ಸೀಟು ಹಿಂದಕ್ಕೆ ಇತ್ತು. ಅಕ್ಕನ ಕಾಲು ಎಟುಕ್ತಾನೇ ಇರಲಿಲ್ಲ. ನಾನು ನೋಡ್ದೆ. ನೋಡಿಯೂ ಕೇಳಲಿಲ್ಲ.’

‘ಹೂಂ, ನಾನೂ ನೋಡ್ದೆ’ ಎಂದುಬಿಟ್ಟೆ.

ಇವರು ತಲೆ ಎತ್ತಿದರು. ಕಾರು ನೋಡುವಾಗ ಇವರ ಕಣ್ಣು ಹೇಗಿರುತ್ತದೆ ಎಂದು ನನಗೆ ಗೊತ್ತು, ನನ್ನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ.

‘ಭಾವ ಓಡಿಸ್ತಾರೆ ಅಂತ ನಿನಗೆ ಗೊತ್ತಿತ್ತಾ?’

ಸುಳ್ಳು ಹೇಳಬಹುದಿತ್ತು. ‘ಗೊತ್ತಿತ್ತು’ ಎಂದೆ.

‘ಯಾವತ್ತಿಂದ?’

‘ಸ್ಕ್ರೂ ಹಾಕಿದ ದಿನದಿಂದ. ನಾನು ಹಿಂದಿನ ಸೀಟಲ್ಲಿದ್ದೆ.’ ಆಮೇಲೆ ಒಂದೇ ಉಸಿರಿಗೆ ಏನೇನೋ ಹೇಳಿದೆ. ಅತ್ತಿಗೆ ಹೇಳಬೇಡ ಅಂದರು, ನೀವು ತಲೆ ಕೆಡಿಸಿಕೊಳ್ತೀರಾ ಅಂತ, ಮನೆಯಲ್ಲಿ ಜಗಳ ಬೇಡ ಅಂತ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಅತ್ತಿಗೆಯ ಮಾತಿನ ಹಾಗೆ ಕೇಳಿಸಿತು. ಇವರು ‘ಸರಿ’ ಎಂದು ಎದ್ದು ಕೈ ತೊಳೆದುಕೊಂಡರು. ಒಂದು ಬೈಗುಳವಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಇಬ್ಬರೂ ಮಾರುಕಟ್ಟೆಗೆ ಹೊರಟೆವು. ಮೆಟ್ಟಿಲಿಳಿಯುತ್ತಾ ಇವರು ಎಂದಿನಂತೆ ‘ಬೀಗ ಹಾಕಿದ್ಯಾ?’ ಎಂದು ಕೇಳಿದರು. ‘ಹಾಕಿದೆ’ ಎಂದೆ. ಇವರು ಕೊನೆಯ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತರು. ಆಮೇಲೆ ತಿರುಗಿ ಮೂರು ಮಹಡಿ ಹತ್ತಿದರು. ನಾನು ಚೀಲ ಹಿಡಿದು ಕೆಳಗೆ ನಿಂತಿದ್ದೆ. ಮೇಲೆ ಬೀಗ ಎಳೆದು ನೋಡಿದ ಸದ್ದು ಕೇಳಿಸಿತು, ಎರಡು ಸಲ.